ಎರಡನೆಯ ಶನಿವಾರದ ಕೆಂಪು ದೀಪ

ಭಾಷಣಕಾರರು ಪರದೆಯ ಮೇಲಿನ ಎರಡನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಮೂರನೆಯ ಸಾಲಿನ ಒಂದು ದೀಪ ಹಸಿರಿನಿಂದ ಕೆಂಪಿಗೆ ತಿರುಗಿತು. ಅದರ ಹಿಂದೆಯೇ ಕಿಟಕಿಯ ಬಳಿಯ ಎರಡು ದೀಪಗಳೂ ಕೆಂಪಾದವು. ಭಾಷಣಕಾರರು ಗಂಟಲು ಸರಿಮಾಡಿಕೊಂಡು, ಹೇಳಿದ್ದನ್ನೇ ಇನ್ನೊಂದು ರೀತಿಯಲ್ಲಿ ಹೇಳಿದರು. ಕಿಟಕಿಯ ಬಳಿಯವು ಮತ್ತೆ ಹಸಿರಾದವು. ಮೂರನೆಯ ಸಾಲಿನದು ಮಾತ್ರ ಬದಲಾಗಲಿಲ್ಲ. ಆ ದೀಪದ ಮುಂದೆ ಕುಳಿತಿದ್ದ ಶಾಹೀನ್ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ತಲೆ ತಗ್ಗಿಸಿದರು.

ಅದು ಹೊಸಹೊಳೆ ನಗರದ ಕ್ರಮವಿಧಿ ಬಳಗದ ತಿಂಗಳ ಸಭೆ. ಗಣಕಯಂತ್ರ ಏನು ಮಾಡಬೇಕೆಂದು ಬರೆದಿಡುವ ಆದೇಶಗಳಿಗೆ ಜನ ಪ್ರೋಗ್ರಾಂ ಎನ್ನುತ್ತಿದ್ದರು. ಬಳಗದವರು ಕ್ರಮವಿಧಿ ಎನ್ನುತ್ತಿದ್ದರು. ಪ್ರತಿ ತಿಂಗಳ ಎರಡನೆಯ ಶನಿವಾರ ಸಂಜೆ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಅವರು ಸೇರುತ್ತಿದ್ದರು. ಕೋಣೆಯ ಬೀಗದ ಕೈ ತರುವುದರಿಂದ ಹಿಡಿದು ಭಾಷಣಕಾರರನ್ನು ಹುಡುಕಿ ಒಪ್ಪಿಸುವುದು, ಮಂಡಕ್ಕಿ ಮೆಣಸಿನಕಾಯಿಗೆ ಹೇಳುವುದು, ಬಾರದವರಿಗೆ ಫೋನ್ ಮಾಡುವುದು ಎಲ್ಲವೂ ಸಂಚಾಲಕ ಮುರುಗೇಂದ್ರ ಅಣಬೇರು ಅವರ ಪಾಲಿನ ಕೆಲಸ. ಪಾಲಿಟೆಕ್ನಿಕ್‌ನಲ್ಲಿ ಮೇಷ್ಟರಾಗಿದ್ದ ಅವರು ಊರಿನಲ್ಲಿ ಎಲ್ಲಿ ಹೋದರೂ ‘ಬಳಗದ ಮೇಷ್ಟ್ರು’ ಎಂದೇ ಕರೆಸಿಕೊಳ್ಳುತ್ತಿದ್ದರು.

ಆ ಕಾಲಕ್ಕೆ ಕ್ರಮವಿಧಿಗಳನ್ನು ಮನುಷ್ಯರು ಬರೆಯುವುದು ನಿಂತುಹೋಗಿತ್ತು. ಏನು ಬೇಕೆಂದು ಹೇಳಿದರೆ ಸಾಕು, ಲೇಖಕಯಂತ್ರ ಕಣ್ಣು ಮಿಟುಕಿಸುವುದರೊಳಗೆ ಬರೆದು ಮುಗಿಸುತ್ತಿತ್ತು. ಆದರೆ ನೀರು, ವಿದ್ಯುತ್ತು, ಔಷಧದಂಥ ಜನರ ಬದುಕಿಗೆ ಸೇರಿದ ಕ್ರಮವಿಧಿಗಳನ್ನು ಒಬ್ಬ ಮನುಷ್ಯ ಓದಿ, ‘ಅರಿತು ಒಪ್ಪಿದ್ದೇನೆ’ ಎಂದು ಸಹಿ ಹಾಕಲೇಬೇಕೆಂದು ಕಾನೂನಿತ್ತು. ಹೀಗೆ ಸಹಿ ಹಾಕುವವರಿಗೆ ಒಪ್ಪಿಗೆದಾರರು ಎಂದು ಹೆಸರು. ಬಳಗದಲ್ಲಿ ಇದ್ದವರು ಬಹುಪಾಲು ಅವರೇ. ಶಾಹೀನ್ ಆಸ್ಪತ್ರೆಯ ಔಷಧ ವಿತರಣೆಗೆ, ಮುರುಗೇಂದ್ರ ನಗರದ ನೀರು ಸರಬರಾಜಿಗೆ ಒಪ್ಪಿಗೆದಾರರು.

ಅರಿವುದೀಪ ಬಂದದ್ದು ಡಾ. ಸುಚೇತಾ ಕಿರವಾಡಿ ಅವರಿಂದ. ಮಿದುಳನ್ನು ಅಭ್ಯಾಸ ಮಾಡುತ್ತಿದ್ದ ಆ ವಿಜ್ಞಾನಿ ತಮ್ಮ ಹೊಸ ಉಪಕರಣದ ಪರೀಕ್ಷೆಗೆ ಒಂದು ಸಣ್ಣ, ನಿಯಮಿತ ಸಭೆಯನ್ನು ಹುಡುಕುತ್ತಿದ್ದರು. ಹಣೆಗೆ ಕಟ್ಟುವ ತೆಳ್ಳನೆಯ ಪಟ್ಟಿ, ಎದುರಿಗೆ ನಿಂಬೆಹಣ್ಣಿನ ಗಾತ್ರದ ದೀಪ, ಇಷ್ಟೇ ಉಪಕರಣ. ಹೊಸ ವಿಷಯವೊಂದು ಹಳೆಯ ತಿಳಿವಿನೊಂದಿಗೆ ಬೆಸೆದುಕೊಂಡಾಗ ಮಿದುಳಿನಲ್ಲಿ ಏಳುವ ಅಲೆ ಬೇರೆ, ಕಿವಿಗೆ ಬಿದ್ದ ಮಾತು ನೆಲೆಯಿಲ್ಲದೆ ಜಾರಿಹೋದಾಗಿನ ಅಲೆ ಬೇರೆ; ತಿಳಿದರೆ ದೀಪ ಹಸಿರು, ಇಲ್ಲದಿದ್ದರೆ ಕೆಂಪು ಎಂದು ಅವರು ವಿವರಿಸಿದರು.

“ತಲೆ ಆಡಿಸುವುದು ಕುತ್ತಿಗೆಯ ಕೆಲಸ ಸರ್, ತಿಳಿಯುವುದು ಮಿದುಳಿನದು. ಇದು ಎರಡನೆಯದನ್ನಷ್ಟೇ ನೋಡುತ್ತದೆ” ಎಂದರು.

ತಿಳಿಯದವರಿಗೆ ನಾಲ್ಕು ಜನರ ಎದುರು ಅವಮಾನವಾಗುವುದಿಲ್ಲವೇ ಎಂದು ಮುರುಗೇಂದ್ರ ಕೇಳಿದರು. ಕಲಿಯಲೆಂದೇ ಬಂದವರಿಗೆ ತಿಳಿಯದಿರುವುದರಲ್ಲಿ ಅವಮಾನವೇನು ಎಂದು ಸುಚೇತಾ ನಿಜವಾಗಿಯೂ ಅರ್ಥವಾಗದವರಂತೆ ಅವರನ್ನೇ ನೋಡಿದರು. ಹೊಸ ಉಪಕರಣ ತಮ್ಮ ಬಳಗದಿಂದಲೇ ಶುರುವಾಗುತ್ತದೆಂಬ ಹೆಮ್ಮೆಯಲ್ಲಿ ಮೇಷ್ಟ್ರು ಒಪ್ಪಿದರು.

ತಾವು ಮಾತ್ರ ಪಟ್ಟಿ ಕಟ್ಟಿಕೊಳ್ಳಲಿಲ್ಲ. ಸಂಚಾಲಕನಾದವನು ಬಾಗಿಲ ಬಳಿ ನಿಂತು ಚಹಾ ತಿಂಡಿ ನೋಡಿಕೊಳ್ಳಬೇಕು ಎಂಬ ನೆಪ ಸಿದ್ಧವಿತ್ತು. ಮೊದಲ ಸಭೆಗೆ ಮುಂಚೆ ಮನೆಯಲ್ಲಿ ಪಟ್ಟಿ ಕಟ್ಟಿಕೊಂಡು, ಲೇಖಕಯಂತ್ರ ಬರೆದ ಒಂದು ಪುಟ ಓದಿ ನೋಡಿದ್ದರು. ದೀಪ ಕೆಂಪಾಗಿಯೇ ಇತ್ತು. ಯಾರೂ ನೋಡದಿದ್ದರೂ ಅದನ್ನು ಅಂಗೈಯಿಂದ ಮುಚ್ಚಿದ್ದರು.

ಎರಡು ಮೂರು ಸಭೆಗಳಾಗುವಷ್ಟರಲ್ಲಿ ಜನ ಭಾಷಣಕಾರರನ್ನು ಬಿಟ್ಟು ಪಕ್ಕದವರ ದೀಪಗಳನ್ನು ನೋಡತೊಡಗಿದರು. ಶಾಹೀನ್ ಅವರ ದೀಪ ಎಲ್ಲರಿಗಿಂತ ಹೆಚ್ಚು ಹೊತ್ತು ಕೆಂಪಾಗಿರುತ್ತಿತ್ತು. ಒಮ್ಮೆ ಯಾರೋ ಹಿಂದಿನಿಂದ ‘ಸಿಗ್ನಲ್ ಬಿಡೋದಿಲ್ಲ ಇವತ್ತು’ ಎಂದಾಗ ನಗು ಎದ್ದಿತು. ಮುರುಗೇಂದ್ರರಿಗೂ ನಗು ಬಂದಿತ್ತು. ಆಮೇಲೆ ಅವರು ಶಾಹೀನ್ ಅವರನ್ನು ಪಕ್ಕಕ್ಕೆ ಕರೆದು, ದೀಪವಿಲ್ಲದ ಹಿಂದಿನ ಕುರ್ಚಿಯಲ್ಲಿ ಕುಳಿತರೆ ಅವರಿಗೇ ಹಿತವೆಂದು ಮೆತ್ತಗೆ ಹೇಳಿದರು. ಆಗಲಿ ಸರ್ ಎಂದ ಶಾಹೀನ್ ಮುಂದಿನ ತಿಂಗಳು ಬರಲಿಲ್ಲ. ಬಾರದವರಿಗೆಲ್ಲ ಫೋನ್ ಮಾಡುತ್ತಿದ್ದ ಸಂಚಾಲಕರು ಅವರೊಬ್ಬರಿಗೆ ಮಾಡಲಿಲ್ಲ.

ಮತ್ತೊಂದು ತಿಂಗಳು ಒಪ್ಪಿಕೊಂಡಿದ್ದ ಭಾಷಣಕಾರರು ಕೊನೆಯ ಗಳಿಗೆಯಲ್ಲಿ ಕೈಕೊಟ್ಟರು. ಇಂಥ ಹೊತ್ತಿಗೆಂದೇ ಮುರುಗೇಂದ್ರರ ಬಳಿ ಒಂದು ಭಾಷಣವಿತ್ತು: ನಗರದ ನೀರಿನ ಕ್ರಮವಿಧಿ ಹೇಗೆ ಕೆಲಸ ಮಾಡುತ್ತದೆ ಎಂಬುದು. ಅದನ್ನು ಶಾಲೆಗಳಲ್ಲಿ, ರೋಟರಿ ಸಭೆಯಲ್ಲಿ ಎಷ್ಟೋ ಸಲ ಮಾಡಿದ್ದರು. ಅವರು ಎದ್ದು ನಿಂತಾಗ, ಪರೀಕ್ಷೆ ನೋಡಲು ಬಂದಿದ್ದ ಸುಚೇತಾ ಒಂದು ಪಟ್ಟಿ ಹಿಡಿದು ಹತ್ತಿರ ಬಂದರು. ಹೇಳುವವರ ಮಿದುಳಿನ ಅಲೆಯನ್ನೂ ಕೇಳುವವರದರೊಂದಿಗೆ ಹೋಲಿಸಿ ನೋಡುವ ಆಸೆ ಅವರಿಗೆ. ಎಲ್ಲರ ಎದುರು ಬೇಡವೆನ್ನಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ.

ಮೊದಮೊದಲು ಮಾತು ಸರಾಗವಾಗಿಯೇ ಹರಿಯಿತು. ಬಳಿಕ ಎದುರಿಗಿದ್ದವರ ಕಣ್ಣುಗಳು ತಮ್ಮ ಮುಖದಲ್ಲಿಲ್ಲ, ಮೇಜಿನ ತುದಿಯಲ್ಲಿವೆ ಎಂದು ಅವರಿಗೆ ಗೊತ್ತಾಯಿತು. ತಿರುಗಿ ನೋಡುವುದು ಬೇಡವೆಂದುಕೊಂಡರು. ‘ಒತ್ತಡದ ಸಮತೋಲನ’ ಎಂಬ ಮಾತನ್ನು ಎರಡು ಸಲ ಹೇಳಿದರು. ಕೊನೆಗೆ ತಡೆಯಲಾರದೆ ನೋಡಿಯೇಬಿಟ್ಟರು. ದೀಪ ಕೆಂಪಾಗಿತ್ತು. ಬಹುಶಃ ಮೊದಲ ವಾಕ್ಯದಿಂದಲೂ ಹಾಗೆಯೇ ಇತ್ತು. ಯಾರೂ ನಗಲಿಲ್ಲ, ಒಬ್ಬರು ಎದ್ದು ಫ್ಯಾನಿನ ವೇಗ ಹೆಚ್ಚಿಸಿದರು. ಮೇಷ್ಟ್ರು ಕೊನೆಯ ಚಿತ್ರದವರೆಗೂ ಮಾತಾಡಿದರು. ಏನು ಹೇಳಿದೆನೆಂದು ಅವರಿಗೆ ಆಮೇಲೆ ನೆನಪಿರಲಿಲ್ಲ.

ಕೋಣೆ ಖಾಲಿಯಾದ ಮೇಲೆ ದೀಪ ಕೆಟ್ಟಿರಬಹುದೇ ಎಂದು ಸುಚೇತಾರನ್ನು ಕೇಳಿದರು. ಅವರು ಪರೀಕ್ಷಿಸಿ, ಮುಖ ನೋಡದೆ ಹೇಳಿದರು: “ಕೆಟ್ಟಿಲ್ಲ ಸರ್. ನೀವು ನೆನಪಿನಿಂದ ಮಾತಾಡುತ್ತಿದ್ದಿರಿ. ಅದು ಬೇರೆ ಕೆಲಸ.”

ಆ ವಾರವಿಡೀ ಮುರುಗೇಂದ್ರ ಹೊರಗೆ ಹೆಚ್ಚು ಓಡಾಡಲಿಲ್ಲ. ಹೆಂಡತಿ ಕೇಳಿದ್ದಕ್ಕೆ ತಲೆನೋವು ಎಂದರು. ನಾಚಿಕೆಯಾದದ್ದು ಭಾಷಣಕ್ಕೆ ಮಾತ್ರ ಅಲ್ಲ. ತಾವು ಸಹಿ ಹಾಕಿದ ಕ್ರಮವಿಧಿ ಇಡೀ ಊರಿಗೆ ನೀರು ಬಿಡುತ್ತಿತ್ತು. ಅದು ಹೇಗೆ ಬಿಡುತ್ತದೆಂದು ತಮಗೆ ಗೊತ್ತಿರಲಿಲ್ಲ. ಮತ್ತೆ ಮತ್ತೆ ಕಣ್ಣಿಗೆ ಬರುತ್ತಿದ್ದುದು ಮಾತ್ರ ಬೆರಳಿಗೆ ಸುತ್ತಿದ ದುಪಟ್ಟಾದ ಅಂಚು. ಕೊನೆಗೊಂದು ಸಂಜೆ ಶಾಹೀನ್ ಅವರ ಮನೆಗೆ ಹೋದರು.

ಹಜಾರದಲ್ಲಿ ಶಾಹೀನ್ ನಾಲ್ಕಾರು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಮಕ್ಕಳನ್ನು ಕಳಿಸಿ, ಚಹಾ ಕೊಟ್ಟು, ನಡೆದದ್ದನ್ನು ಹೇಳಿದರು. ದೀಪ ಕೆಂಪಾದ ಮೇಲೆ ಆಸ್ಪತ್ರೆಯ ಹೊಸ ಕ್ರಮವಿಧಿಗೆ ಸಹಿ ಹಾಕಲು ಅವರಿಗೆ ಕೈ ಬರಲಿಲ್ಲವಂತೆ. ತಿಳಿಯಲಿಲ್ಲ ಎಂದು ಹೇಳಿದ್ದಕ್ಕೆ, ಬೇಗ ಸಹಿ ಹಾಕುವ ಬೇರೊಬ್ಬರನ್ನು ಆಸ್ಪತ್ರೆ ನೇಮಿಸಿಕೊಂಡಿತು. ಈಗ ಟ್ಯೂಷನ್ನೇ ಜೀವನ.

ಮುರುಗೇಂದ್ರ ತಮ್ಮ ದೀಪವೂ ಕೆಂಪಾದದ್ದನ್ನು ತಿಳಿಸಿ, ಹಿಂದಿನ ಕುರ್ಚಿಗೆ ಹೋಗಲು ಹೇಳಿದ್ದು ತಪ್ಪಾಯಿತೆಂದರು. ಶಾಹೀನ್ ಖಾಲಿ ಲೋಟ ಎತ್ತಿಕೊಂಡರು.

“ಬೇಜಾರು ಅದಕ್ಕಲ್ಲ ಸರ್. ನಿಮಗೂ ತಿಳಿಯುತ್ತಿರಲಿಲ್ಲ ಅಂತ ಅವತ್ತೇ ಹೇಳಿದ್ದರೆ, ದಡ್ಡಿ ನಾನೊಬ್ಬಳೇ ಅಂದುಕೊಳ್ಳುತ್ತಿರಲಿಲ್ಲ.”

ಮರುದಿನ ಬೆಳಿಗ್ಗೆ ಮುರುಗೇಂದ್ರ ನಗರಸಭೆಗೆ ಹೋಗಿ ನೀರಿನ ಕ್ರಮವಿಧಿಗೆ ತಾವು ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಂಡರು. ಎಂಜಿನಿಯರ್ ಮೊದಲು ತಮಾಷೆ ಎಂದುಕೊಂಡರು, ಆಮೇಲೆ ಸಿಟ್ಟಾದರು. ಕಾನೂನಿನ ಪ್ರಕಾರ ಒಪ್ಪಿಗೆಯಿಲ್ಲದ ಕ್ರಮವಿಧಿ ಒಂದು ಗಂಟೆಯೂ ನಡೆಯುವಂತಿಲ್ಲ. ಹೀಗಾಗಿ ಊರಿನ ವಾಲ್ವುಗಳನ್ನು ಹಳೆಯ ಕಾಲದಂತೆ ಕೈಯಿಂದ ತಿರುಗಿಸುವುದು ಶುರುವಾಯಿತು. ಕೆಲವೆಡೆ ನೀರು ಉಕ್ಕಿ ಹರಿಯಿತು, ಕೆಲವೆಡೆ ಬರಲೇ ಇಲ್ಲ. ಇದಕ್ಕೆಲ್ಲ ಕಾರಣ ಯಾರೆಂದು ಊರಿಗೆ ತಿಳಿಯಲು ತಡವಾಗಲಿಲ್ಲ.

ಮುಂದಿನ ಎರಡನೆಯ ಶನಿವಾರ, ಇಪ್ಪತ್ತು ಜನ ಸೇರಿದರೆ ಹೆಚ್ಚೆನ್ನುತ್ತಿದ್ದ ಕೋಣೆ ಮೆಟ್ಟಿಲವರೆಗೂ ತುಂಬಿತು. ಬಂದವರು ಕ್ರಮವಿಧಿ ಕಲಿಯಲು ಬಂದಿರಲಿಲ್ಲ; ಬೈಯಲು ಬಂದಿದ್ದರು. ಮುರುಗೇಂದ್ರ ಅವರ ಎದುರು ನಿಂತು ಇದ್ದದ್ದನ್ನು ಇದ್ದಂತೆ ಹೇಳಿದರು. ಗದ್ದಲ ಎದ್ದಿತು. ಹಗ್ಗದವರ ಓಣಿಯಿಂದ ಬಂದಿದ್ದ ಹಾಲಮ್ಮ ಎಂಬ ಮುದುಕಿ ಗದ್ದಲ ಇಳಿಯುವವರೆಗೆ ಕಾದು ಕೇಳಿದರು.

“ಹಂಗಾರೆ ಅದು ಏನು ಮಾಡ್ತದೆ ಅಂತ ನಿನಗೂ ಗೊತ್ತಿಲ್ಲ?”

“ಗೊತ್ತಿಲ್ಲ, ತಾಯಿ.”

“ಮತ್ತೆ ಓದು. ನಾವೂ ಕುಂತು ಕೇಳ್ತೀವಿ.”

ಅಂದಿನಿಂದ ಬಳಗ ಬೇರೆ ಯಾವ ವಿಷಯವನ್ನೂ ಎತ್ತಿಕೊಳ್ಳಲಿಲ್ಲ. ಲೇಖಕಯಂತ್ರ ಬರೆದದ್ದನ್ನು ಗೋಡೆಯ ಮೇಲೆ ಮೂಡಿಸಿ, ಒಂದೊಂದೇ ಸಾಲು ಓದಿದರು. ಒಂದು ದೀಪ ಕೆಂಪಾಗಿದ್ದರೂ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ಸಭೆ ತಿಂಗಳಿಗೊಮ್ಮೆ ಸಾಲದೆ ವಾರಕ್ಕೊಮ್ಮೆಯಾಯಿತು. ಮುರುಗೇಂದ್ರ ಮತ್ತೆ ಕರೆದ ಮೇಲೆ ಶಾಹೀನ್ ಬಂದರು, ಎಲ್ಲರಿಗಿಂತ ಮುಂದಿನ ಕುರ್ಚಿಯಲ್ಲಿಯೇ ಕುಳಿತರು. ಹಾಲಮ್ಮನ ಓಣಿಯ ಹೆಂಗಸರು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ನಮ್ಮ ಓಣಿಗೆ ನೀರು ಯಾವಾಗ ಬಿಡಬೇಕೆಂದು ಇದರಲ್ಲಿ ಎಲ್ಲಿ ಬರೆದಿದೆ?

ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗಲೇ ಅದು ಸಿಕ್ಕಿತು. ನಗರಸಭೆ ಯಂತ್ರಕ್ಕೆ ಹೇಳಿದ್ದು ಒಂದೇ ಮಾತು: ದೂರುಗಳು ಆದಷ್ಟು ಕಡಿಮೆಯಾಗಬೇಕು. ಯಂತ್ರ ಅದನ್ನು ನಿಷ್ಠೆಯಿಂದ ಪಾಲಿಸಿತ್ತು. ಯಾವ ಬೀದಿಯವರು ನೀರು ತಡವಾದರೆ ಫೋನ್ ಮಾಡುತ್ತಾರೆಂದು ಕಲಿತುಕೊಂಡು ಅಲ್ಲಿಗೆ ಮೊದಲು, ಹೆಚ್ಚು ಬಿಟ್ಟಿತ್ತು. ಫೋನ್ ಮಾಡದ ಬೀದಿಗಳಿಗೆ ಉಳಿದದ್ದು. ಹಗ್ಗದವರ ಓಣಿಯವರು ಫೋನ್ ಮಾಡುವುದನ್ನು ಎಂದೋ ಬಿಟ್ಟಿದ್ದರು. ‘ಒಂದು ಒತ್ತಿ, ಎರಡು ಒತ್ತಿ ಅಂತದೆ, ಮನುಷ್ಯರು ಮಾತಾಡಲ್ಲ’ ಎಂದರು ಹಾಲಮ್ಮ. ಎಲ್ಲಕ್ಕಿಂತ ಮೊದಲು ನೀರು ಸಿಗುತ್ತಿದ್ದ ಬೀದಿಗಳಲ್ಲಿ ಮುರುಗೇಂದ್ರರದೂ ಒಂದು. ನಲ್ಲಿ ಸಣ್ಣಗಾದರೆ ಸಾಕು, ಅವರು ದೂರು ಕೊಡುತ್ತಿದ್ದರು. ನಾಗರಿಕರ ಕರ್ತವ್ಯ ಅದು ಎಂದು ತರಗತಿಯಲ್ಲೂ ಹೇಳಿದ್ದರು.

ಗೋಡೆಯ ಮೇಲಿನ ಆ ಸಾಲನ್ನು ಅವರು ಬಹಳ ಹೊತ್ತು ನೋಡಿದರು. ಅದು ಈಗ ಪೂರ್ತಿ ತಿಳಿದಿತ್ತು. ತಿಳಿಯದಿದ್ದಾಗ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲವೆನಿಸಿತು.

ಎಲ್ಲ ಓಣಿಗೂ ಮನೆಗಳಿಗೆ ತಕ್ಕಷ್ಟು ನೀರು ಎಂದು ನಗರಸಭೆಯಿಂದ ಹೇಳಿಸಿದಾಗ ಯಂತ್ರ ಹೊಸ ಕ್ರಮವಿಧಿಯನ್ನು ಕ್ಷಣದಲ್ಲಿ ಬರೆದುಕೊಟ್ಟಿತು. ಬಳಗ ಅದನ್ನು ಓದಲು ಮಳೆಗಾಲ ಪೂರ್ತಿ ಹಿಡಿಯಿತು. ಬಳಗದವರೆಲ್ಲ ಸೇರಿ ಅದರ ಒಪ್ಪಿಗೆದಾರರಾಗಿ ಶಾಹೀನ್ ಹೆಸರು ಸೂಚಿಸಿದರು. ಅವರು ಸಹಿ ಹಾಕಿದರು. ಸುಚೇತಾ ತಮ್ಮ ದೀಪಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೊರಟರು. ಕಚೇರಿ, ಶಾಲೆಗಳವರು ಯಾರೂ ಅವನ್ನು ಕೊಳ್ಳಲು ಮುಂದೆ ಬಂದಿರಲಿಲ್ಲ. ಆದರೆ ಅಕ್ಕಪಕ್ಕದ ಊರುಗಳ ಒಪ್ಪಿಗೆದಾರರು ಒಬ್ಬೊಬ್ಬರಾಗಿ ತಮ್ಮ ಸಹಿಗಳನ್ನು ಹಿಂತೆಗೆದುಕೊಳ್ಳುತ್ತಿದ್ದಾರೆಂಬ ಸುದ್ದಿ ಬಂತು.

ಹೊಸ ಕ್ರಮವಿಧಿ ಜಾರಿಯಾದ ದಿನ ಬೆಳಿಗ್ಗೆ ಮುರುಗೇಂದ್ರ ಹಗ್ಗದವರ ಓಣಿಗೆ ನಡೆದು ಹೋದರು. ನಲ್ಲಿಗಳಲ್ಲಿ ನೀರು ಬರುತ್ತಿತ್ತು. ಹಾಲಮ್ಮ ಮನೆಯ ಮುಂದೆ ಕೊಡ ತೊಳೆಯುತ್ತಿದ್ದರು. ಅವರು ಕೃತಜ್ಞತೆ ಹೇಳಲಿಲ್ಲ, ಒಳಗೆ ಬನ್ನಿ ಎಂದೂ ಕರೆಯಲಿಲ್ಲ.

“ನನ್ನ ಮೊಮ್ಮಗಳು ದಿನಾ ಮಿಲ್ಲಿನ ಬಾವಿಗೆ ಹೋಗಿ ನೀರು ತಂದು ಸಾಲಿಗೆ ತಡ ಆಗಿ ಹೋಗ್ತಿದ್ಲು” ಎಂದರು. “ಟೀಚರು ಹೊರಗೆ ನಿಲ್ಲಿಸ್ತಿದ್ರು. ಆಮ್ಯಾಕೆ ಸಾಲೀನೇ ಬಿಟ್ಲು. ಅದು ಎಷ್ಟನೇ ಸಾಲಿನಾಗೆ ಬರೆದಿತ್ತು, ಮೇಷ್ಟ್ರೇ?”

ಇದನ್ನು ನಮ್ಮ ಸಭೆಯಲ್ಲಿ ಬಂದು ಹೇಳುತ್ತೀರಾ ಎಂದಷ್ಟೇ ಮುರುಗೇಂದ್ರ ಕೇಳಿದರು. ಹಾಲಮ್ಮ ಕೊಡವನ್ನು ನಲ್ಲಿಯ ಕೆಳಗಿಟ್ಟು, ತುಂಬುವವರೆಗೆ ನೋಡಿ, ಹೂಂ ಎಂದರು.

ಸಭೆ ಮತ್ತೆ ತಿಂಗಳಿಗೊಮ್ಮೆಯಾಗಿತ್ತು; ಮುಂದಿನ ಎರಡನೆಯ ಶನಿವಾರ ಹಾಲಮ್ಮನವರೇ ಭಾಷಣಕಾರರು. ಕುರ್ಚಿ ಕೊಟ್ಟರೂ ಕೂರದೆ, ಮೇಜು ಹಿಡಿದು ನಿಂತು ಮಾತಾಡಿದರು. ಮೊಮ್ಮಗಳು ಮೊದಲ ಸಾಲಿನಲ್ಲಿ ತನ್ನ ತಾಯಿಯ ಪಕ್ಕ ಕುಳಿತಿದ್ದಳು. ಮಾತು ಮುಗಿದ ಮೇಲೆ ಏನಾದರೂ ಪ್ರಶ್ನೆಗಳಿವೆಯೇ ಎಂದು ಸಂಚಾಲಕರು ಕೇಳುವುದು ಬಳಗದ ಪದ್ಧತಿ. ಮುರುಗೇಂದ್ರ ಎದ್ದು ನಿಂತರು. ಆ ಹುಡುಗಿ ಅವರನ್ನೇ ನೋಡುತ್ತಿದ್ದಳು. ಉತ್ತರ ಕೊಡಬೇಕಾದವರು ತಾವೇ ಎನಿಸಿ, ಅವರು ಏನೂ ಕೇಳದೆ ಮತ್ತೆ ಕುಳಿತರು.