ಒಣಗದ ಅನ್ಯನ್ಯೂಕ

ಯಾರಿಗೂ ಹೇಳದ ಅಳುಕೊಂದು ನನ್ನಲ್ಲಿತ್ತು. ಹೂಗಳನ್ನು ಪತ್ರಿಕೆಯ ನಡುವೆ ಒತ್ತಿ ಒಣಗಿಸಿ ಅಂಟಿಸುವ ನನ್ನ ದಿನಚರಿಯಲ್ಲಿ, ಕೆಂಪು ಅನ್ಯನ್ಯೂಕ ಹೂವಿನ ಚೀಟಿಗೆ ‘ಕಿತ್ತವರು’ ಎಂಬಲ್ಲಿ ನನ್ನ ಹೆಸರು ಬರೆದಿದ್ದೆ. ಕಿತ್ತವಳು ಗೆಳತಿ ಯಾಸ್ನಾ. ಅಂದೇ ಸಂಜೆ ಅವಳು ನದಿಯಲ್ಲಿ ಮುಳುಗಿ ಸತ್ತಳು. ನಿಜ ಬರೆದರೆ, ಮಗಳು ಕಿತ್ತ ಕೊನೆಯ ಹೂವೆಂದು ಅದನ್ನು ಅವಳ ತಾಯಿಗೆ ಕೊಡಬೇಕಾಗುತ್ತಿತ್ತು.

ಅಟಕಾಮ ಮರುಭೂಮಿಯ ಈ ಗಾಳಿಗೆ ಒದ್ದೆ ಬಟ್ಟೆಯೂ ಗಳಿಗೆಯಲ್ಲಿ ಗರಿಗರಿಯಾಗುತ್ತದೆ. ಉಳಿದ ಹೂಗಳು ವಾರದಲ್ಲಿ ಒಣಗಿದವು. ಅನ್ಯನ್ಯೂಕದ ಕೆಳಗೆ ಹಾಸಿದ ಪತ್ರಿಕೆ ಮಾತ್ರ, ದಿನಾ ಬದಲಿಸಿದರೂ, ಬೆಳಿಗ್ಗೆ ತೊಯ್ದು ತಣ್ಣಗಿದ್ದು ನದಿಯ ಕೆಸರು ನಾರುತ್ತಿತ್ತು. ನಲವತ್ತು ದಿನಕ್ಕೆ ನನಗೆ ಸಾಕಾಗಿಹೋಯಿತು.

ಹಳೆಯ ಪತ್ರಿಕೆ ಕೊಡುತ್ತಿದ್ದವರು ಯಾಸ್ನಾಳ ತಾಯಿ ಎಲ್ಬಾ. ಅಂದು ಹೂವಿನ ಚೀಟಿಯನ್ನೂ ಹಿಡಿದು ಅವರ ಮನೆಗೆ ಹೋದೆ. “ಮತ್ತೆ ಬಂದ್ಯೇನೇ? ಹೂವು ಒಣಗಿಸ್ತೀಯೋ, ಸ್ನಾನ ಮಾಡಿಸ್ತೀಯೋ?” ಎಂದರು.

ಕೈಯಲ್ಲಿದ್ದ ಚೀಟಿ ನೋಡಿದೆ. ನನ್ನ ಹೆಸರಷ್ಟೇ ಕರಗಿಹೋಗಿತ್ತು.

“ಚಿಕ್ಕಮ್ಮಾ, ಇದನ್ನ ಕಿತ್ತಿದ್ದು ನಾನಲ್ಲ. ನಿಮ್ಮ ಯಾಸ್ನಾ.”