ಮೆಣಸಿನಕಾಯಿಯ ಬೆಳಕು

ಗುರುಪಾದ ಮುಳಗುಂದ ಗುಂಡಿ ಒತ್ತಿದಾಗ ಕ್ಯಾಮೆರಾ ಸದ್ದು ಮಾಡಲಿಲ್ಲ. ಮಸೂರದ ಸುತ್ತಲಿನ ತೆಳುವಾದ ಬಳೆ ಅರೆಕ್ಷಣ ಹಸಿರಾಗಿ ಬೆಳಗಿ ಆರಿತು. ಅಷ್ಟರಲ್ಲಿ ಬ್ಯಾಡಗಿ ಮಾರುಕಟ್ಟೆಯ ಆ ಮುಂಜಾನೆ ಪೂರ್ತಿಯಾಗಿ ಅದರ ಒಡಲು ಸೇರಿತ್ತು. ಆಳೆತ್ತರದ ಮೆಣಸಿನಕಾಯಿ ರಾಶಿಗಳು, ಅವುಗಳ ನಡುವೆ ಕುಳಿತು ತೊಟ್ಟು ಬಿಡಿಸುತ್ತಿದ್ದ ಹೆಂಗಸರು, ಅವರಲ್ಲೊಬ್ಬಳು ಘಾಟಿಗೆಂದು ಮೂಗಿಗೆ ಕಟ್ಟಿಕೊಂಡ ಬಟ್ಟೆಯನ್ನು ಗದ್ದಕ್ಕೆ ಇಳಿಸಿ, ಪಕ್ಕದವಳ ಮಾತಿಗೆ ಬಾಯ್ತುಂಬ ನಗುತ್ತಿದ್ದದ್ದು.

ಸಾಮಾನ್ಯ ಕ್ಯಾಮೆರಾಗಳು ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪಾಲು ಮಾಡಿ ಇಟ್ಟುಕೊಳ್ಳುತ್ತಿದ್ದವು. ಮನುಷ್ಯನ ಕಣ್ಣೂ ಹೆಚ್ಚುಕಡಿಮೆ ಅಷ್ಟನ್ನೇ ಮಾಡುವುದರಿಂದ ಬಹುಕಾಲ ಯಾರಿಗೂ ಅದೊಂದು ಕೊರತೆ ಎನಿಸಿರಲಿಲ್ಲ. ಪೂರ್ಣವರ್ಣ ಕ್ಯಾಮೆರಾ ಹಾಗಲ್ಲ. ಚಿತ್ರದ ಒಂದೊಂದು ಚುಕ್ಕೆಯಿಂದ ಬಂದ ಬೆಳಕನ್ನೂ ಅದು ಇನ್ನೂರ ನಲವತ್ತು ಎಳೆಗಳಾಗಿ ಬಿಡಿಸಿ ದಾಖಲಿಸುತ್ತದೆ. ಕುಂಕುಮದ ಕೆಂಪೂ ಪ್ಲಾಸ್ಟಿಕ್ ಬಕೆಟ್ಟಿನ ಕೆಂಪೂ ನಮ್ಮ ಕಣ್ಣಿಗೆ ಒಂದೇ ಆಗಿ ಕಂಡರೂ ಅದರ ದಾಖಲೆಯಲ್ಲಿ ಎರಡಕ್ಕೂ ನಂಟೇ ಇರುವುದಿಲ್ಲ.

ಈ ಕ್ಯಾಮೆರಾ ಬಂದದ್ದು ಅಗತ್ಯದಿಂದ. ಬೇಕೆಂದ ಚಿತ್ರವನ್ನು ಯಂತ್ರಗಳು ಕಣ್ಣು ಮಿಟುಕಿಸುವುದರೊಳಗೆ ಹೆಣೆದುಕೊಡತೊಡಗಿದ ಮೇಲೆ ಅಂತರ್ಜಾಲದಲ್ಲಿ ಹವ್ಯಾಸಿಗಳ ಚಿತ್ರಗಳನ್ನು ಕೇಳುವವರೇ ಇಲ್ಲವಾಗಿದ್ದರು. ಕ್ರಮೇಣ ಜನರಿಗೆ ಹೆಣೆದ ಚಿತ್ರಗಳ ಮೇಲೆ ನಂಬಿಕೆ ಹೋಯಿತು. ಪತ್ರಿಕೆಗಳು, ಪಠ್ಯಪುಸ್ತಕದವರು, ಕೊನೆಗೆ ಜಾಹೀರಾತಿನವರು ಕೂಡ ನಿಜವಾಗಿ ತೆಗೆದ ಚಿತ್ರವೇ ಬೇಕೆಂದರು. ಎಲೆ, ಧೂಳು, ಮನುಷ್ಯನ ಚರ್ಮ ಇವು ಬೆಳಕನ್ನು ಹಿಂದಿರುಗಿಸುವ ಬಗೆಯನ್ನು ಇನ್ನೂರ ನಲವತ್ತು ಎಳೆಗಳಲ್ಲಿ ಅನುಕರಿಸುವುದು ಯಾವ ಯಂತ್ರಕ್ಕೂ ಸಾಧ್ಯವಾಗಿರಲಿಲ್ಲ. ಹೀಗೆ ಹುಟ್ಟಿದ್ದು 'ದಿಟಚಿತ್ರ' ಎಂಬ ಅಂತರ್ಜಾಲದ ಮಾರುಕಟ್ಟೆ. ಪೂರ್ಣವರ್ಣ ಕ್ಯಾಮೆರಾದ ಚಿತ್ರಗಳಿಗೆ ಮಾತ್ರ ಅಲ್ಲಿ ಪ್ರವೇಶ.

ಗುರುಪಾದ ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಬಣ್ಣ ಹೊಂದಿಸುವವನು. ಲಗ್ನಪತ್ರಿಕೆಯ ಹಳದಿ ಒಂದು ಗೆರೆಯಷ್ಟು ಹೆಚ್ಚಾದರೂ ಹತ್ತು ಅಡಿ ದೂರದಿಂದ ಹೇಳಬಲ್ಲ ಕಣ್ಣು ಅವನದೆಂದು ಪ್ರತೀತಿ. ಅವನಿಗೂ ಅದರ ಬಗ್ಗೆ ಹೆಮ್ಮೆಯಿತ್ತು. ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಯಾವುದಾದರೊಂದು ರೈಲು ಹತ್ತುತ್ತಿದ್ದ. ಮೂರು ವರ್ಷಗಳಲ್ಲಿ ದಿಟಚಿತ್ರಕ್ಕೆ ಒಂಬೈನೂರಕ್ಕೂ ಹೆಚ್ಚು ಚಿತ್ರಗಳನ್ನು ಏರಿಸಿದ್ದ. ಸೂರ್ಯೋದಯಗಳನ್ನು ಯಾರೂ ಕೊಳ್ಳಲಿಲ್ಲ. ಅಪರೂಪಕ್ಕೆ ತುಕ್ಕು ಹಿಡಿದ ಬೀಗದ ಚಿತ್ರವೊಂದು, ಪಾನಂಗಡಿಯ ಹಿತ್ತಾಳೆ ತಟ್ಟೆಯದೊಂದು ಹೋಗುತ್ತಿದ್ದವು.

ಮನುಷ್ಯರ ಮುಖವಿದ್ದರೆ ಅವರ ಒಪ್ಪಿಗೆಯನ್ನು ಧ್ವನಿಯಲ್ಲಿ ದಾಖಲಿಸಬೇಕೆಂಬುದು ದಿಟಚಿತ್ರದ ನಿಯಮ. ಅಂದು ಬ್ಯಾಡಗಿಯಲ್ಲೂ ಅವನು ಚಿತ್ರವನ್ನು ಆ ಹೆಂಗಸಿಗೆ ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ತೋರಿಸಿ, ಇದನ್ನು ಮಾರಲು ಹಾಕಬಹುದೇ ಎಂದು ಕೇಳಿದ್ದ. ಬಿಸಿಲಿಗೆ ಪರದೆ ಸರಿಯಾಗಿ ಕಾಣದೆ ಅವಳು, "ಹಾಕ್ಕೋರಿ, ಅದರಾಗೇನೈತಿ" ಎಂದು ಮತ್ತೆ ತೊಟ್ಟು ಬಿಡಿಸಲು ಕುಳಿತಿದ್ದಳು. ನಿಯಮಕ್ಕೆ ಅಷ್ಟು ಸಾಕಾಗಿತ್ತು. ಹೆಸರು ಕೇಳಬೇಕೆಂದು ನಿಯಮವೂ ಹೇಳಿರಲಿಲ್ಲ, ಅವನಿಗೂ ಹೊಳೆಯಲಿಲ್ಲ.

'ನಗುವ ಮುಖ' ಎಂಬ ಹೆಸರಿನಲ್ಲಿ ಏರಿಸಿದ ಆ ಚಿತ್ರ ಅವನ ಅದೃಷ್ಟವನ್ನೇ ಬದಲಿಸಿತು. ಕೆನ್ನೆಯ ಮೇಲೆ ಕಾಯಿಸಿದ ತಾಮ್ರದಂಥ ಕಾಂತಿಯಿದ್ದ ಆ ಮುಖವನ್ನು ಮೊದಲು ಒಂದು ಬ್ಯಾಂಕು ಕೊಂಡಿತು, ಆಮೇಲೆ ಒಂದು ಪ್ರವಾಸಿ ಸಂಸ್ಥೆ, ಬಳಿಕ ಶಕ್ತಿವರ್ಧಕ ಪಾನೀಯ ತಯಾರಿಸುವವರು. ಬೇಸಿಗೆ ಮುಗಿಯುವುದರೊಳಗೆ ಹುಬ್ಬಳ್ಳಿಯ ಬಸ್ ನಿಲ್ದಾಣದ ಎದುರಿಗೇ ಅವಳು ಎರಡಂತಸ್ತಿನ ಎತ್ತರಕ್ಕೆ ನಿಂತು ನಗುತ್ತಿದ್ದಳು. ಕೆಳಗೆ 'ಆರೋಗ್ಯವೇ ಸೌಂದರ್ಯ' ಎಂಬ ಬರಹ. ಮುದ್ರಣಾಲಯದ ಗೆಳೆಯರು ಅಲ್ಲಿಯೇ ಅವನನ್ನು ನಿಲ್ಲಿಸಿ ಚಹಾ ಕುಡಿಸಿದರು.

ಸೆಪ್ಟೆಂಬರಿನಲ್ಲಿ ಧಾರವಾಡದಿಂದ ಕರೆ ಬಂತು. ಮಾತನಾಡಿದವರು ಡಾ. ನಾಜನೀನ್ ಸವಣೂರ. ಚರ್ಮದಿಂದ ಹಿಂದಿರುಗುವ ಬೆಳಕನ್ನು ಓದಿ, ಸೂಜಿ ಚುಚ್ಚದೆ ರಕ್ತ ಪರೀಕ್ಷೆ ಮಾಡುವ ವಿಧಾನವನ್ನು ರೂಪಿಸುತ್ತಿದ್ದ ವಿಜ್ಞಾನಿ. ಪರಿಚಯ ಹೇಳಿಕೊಂಡವರು ನೇರವಾಗಿ ಕೇಳಿದರು. "ಆ ನಗೂ ಮುಖದ ಹೆಣ್ಮಗಳು ಯಾರ್ರಿ?"

ಗೊತ್ತಿಲ್ಲವೆಂದ. ಹೆಸರು, ಊರು ಒಂದೂ ಗೊತ್ತಿಲ್ಲವೆಂದ. ಚಿತ್ರ ತೆಗೆದದ್ದು ಫೆಬ್ರವರಿಯಲ್ಲೆಂದ. ನಾಜನೀನ್ ಸಾಧ್ಯವಾದರೆ ಇಂದೇ ಧಾರವಾಡಕ್ಕೆ ಬರಬೇಕೆಂದು ಕೇಳಿಕೊಂಡರು.

ಪ್ರಯೋಗಾಲಯದಲ್ಲಿ ಅವರು ಮೊದಲು ತಮ್ಮ ತೊಂದರೆಯನ್ನು ಹೇಳಿದರು. ಆರೋಗ್ಯವಂತರ ಮುಖ ಹೇಗಿರುತ್ತದೆಂದು ತಮ್ಮ ಉಪಕರಣಕ್ಕೆ ಕಲಿಸಲು ದಿಟಚಿತ್ರದಿಂದ ಐದುನೂರು ನಗುಮುಖಗಳನ್ನು ಕೊಂಡಿದ್ದರು. ಅವುಗಳಲ್ಲಿ ಇದೊಂದು ಮುಖ ಬಂದಾಗಲೆಲ್ಲ ಉಪಕರಣ ತಪ್ಪು ಉತ್ತರ ಕೊಡುತ್ತಿತ್ತು. ಮೂರು ವಾರ ಅವರು ಉಪಕರಣವನ್ನೇ ಬಿಚ್ಚಿ ಜೋಡಿಸಿದ್ದರು. ಕೊನೆಗೆ ತಿಳಿದದ್ದು, ಉಪಕರಣ ಸರಿಯಾಗಿಯೇ ಇದೆ ಎಂದು.

ರಕ್ತ ಹಸಿರು ಬೆಳಕಿನ ಎರಡು ಸಣ್ಣ ಎಳೆಗಳನ್ನು ಹೀರಿಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಚರ್ಮದಡಿ ರಕ್ತ ತುಂಬಿ ಹರಿಯುತ್ತಿದ್ದರೆ ಬೆಳಕಿನ ನಕ್ಷೆಯಲ್ಲಿ ಆ ಎರಡು ಎಳೆಗಳಿರುವಲ್ಲಿ ಆಳವಾದ ಎರಡು ತಗ್ಗುಗಳು ಕಾಣಬೇಕು. ಈ ಮುಖದ ನಕ್ಷೆಯಲ್ಲಿ ತಗ್ಗುಗಳು ಇದ್ದೂ ಇಲ್ಲದಂತಿದ್ದವು. ಇರಬೇಕಾದ ರಕ್ತಸಾರದ, ಅಂದರೆ ಹಿಮೋಗ್ಲೋಬಿನ್ನಿನ, ಅರ್ಧ ಪಾಲು ಇದ್ದರೆ ಹೆಚ್ಚು.

ಗುರುಪಾದ ಒಪ್ಪಲಿಲ್ಲ. "ಹದಿನೆಂಟು ವರ್ಷದಿಂದ ಬಣ್ಣ ಹೊಂದಸೂದ ನನ್ನ ಕೆಲಸರಿ ಮೇಡಮ್ಮಾರ. ಆ ಕೆನ್ನಿ ಹೆಂಗ ಕೆಂಪಗ ಐತಿ ನೋಡ್ರಿ. ರಕ್ತ ಇಲ್ಲದಾಕಿ ಮುಖ ನನಗ ಗೊತ್ತಾಗ್ತಿರಲಿಲ್ಲೇನ್ರಿ?"

"ನಿಮ್ಮ ಕಣ್ಣಿಂದೇನೂ ತಪ್ಪಿಲ್ರಿ" ಎಂದರು ನಾಜನೀನ್. "ಕೆಂಪು ಐತಿ, ಖರೆ. ಆದ್ರ ಅದು ಆಕಿದಲ್ಲ, ಮೆಣಸಿನಕಾಯಿದು."

ಬಿಸಿಲು ರಾಶಿಗಳ ಮೇಲೆ ಬಿದ್ದು, ಅಲ್ಲಿಂದ ಚಿಮ್ಮಿ ಅವಳ ಮುಖಕ್ಕೆ ಬಡಿದಿತ್ತು. ಮೆಣಸಿನಕಾಯಿ ಯಾವ ಎಳೆಗಳನ್ನು ಹಿಂದಿರುಗಿಸುತ್ತದೆಂಬುದು ಅದೇ ಚಿತ್ರದಲ್ಲಿ ದಾಖಲಾಗಿದ್ದರಿಂದ, ಮುಖದಿಂದ ಆ ಬೆಳಕನ್ನು ಕಳೆಯುವುದು ಕಷ್ಟವಿರಲಿಲ್ಲ. ನಾಜನೀನ್ ಕಳೆದು ತೋರಿಸಿದರು. ಪರದೆಯ ಮೇಲೆ ಅದೇ ನಗು, ಅದೇ ಹಲ್ಲುಗಳು ಉಳಿದವು. ಮುಖ ಮಾತ್ರ ಹಳೆಯ ಕಾಗದದಂತೆ ಬಿಳಿಚಿಕೊಂಡಿತು. ತುಟಿಗೂ ಕೆನ್ನೆಗೂ ಬಣ್ಣದ ಭೇದವಿರಲಿಲ್ಲ.

ಗುರುಪಾದ ಬಹಳ ಹೊತ್ತು ಅದನ್ನೇ ನೋಡಿದ. ಆ ಚಿತ್ರವನ್ನು ಅವನು ಎಷ್ಟೋ ಸಲ ದೊಡ್ಡದು ಮಾಡಿ, ಚಿಕ್ಕದು ಮಾಡಿ ಮೆಚ್ಚಿಕೊಂಡಿದ್ದ. ಏಳು ತಿಂಗಳಾಗಿದ್ದವು. ಹೀಗೇ ಬಿಟ್ಟರೆ ಏನಾಗುತ್ತದೆಂದು ಕೇಳಿದ. ಹೃದಯ ಸೋಲುತ್ತದೆ ಎಂದರು ನಾಜನೀನ್. ಇಷ್ಟು ಹೊತ್ತಿಗೆ ಆಗಿಹೋಗಿದ್ದರೂ ಹೋಗಿರಬಹುದು ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ಮರುದಿನ ಅವನು ರಜೆ ಹಾಕಿ ಬ್ಯಾಡಗಿಗೆ ಹೋದ. ಸುಗ್ಗಿಯಲ್ಲದ ಕಾಲ. ಮಾರುಕಟ್ಟೆಯ ಅಂಗಳ ಗುಡಿಸಿಟ್ಟಂತೆ ಖಾಲಿಯಿತ್ತು. ಶೀತಲಗೃಹದಿಂದ ಹೊರತೆಗೆದ ಚೀಲಗಳ ಬಳಿ ಇಪ್ಪತ್ತು ಹೆಂಗಸರು ಮಾತ್ರ ಕೆಲಸದಲ್ಲಿದ್ದರು. ಅವನು ತನ್ನ ಪ್ರಸಿದ್ಧ ಚಿತ್ರವನ್ನು ಒಬ್ಬೊಬ್ಬರಿಗೂ ತೋರಿಸಿದ. ಯಾರೂ ಗುರುತಿಸಲಿಲ್ಲ. ಇಂಥ ಬಣ್ಣದ ಹೆಂಗಸು ನಮ್ಮ ಕಡೆಯವಳಲ್ಲ, ಸಿನಿಮಾದವಳಿರಬೇಕು ಎಂದಳು ಒಬ್ಬಳು. ಬಸ್ ನಿಲ್ದಾಣದಲ್ಲಿ ಇವಳನ್ನು ಕಂಡಿದ್ದೇನೆ, ಔಷಧ ಮಾರುವವಳು ಎಂದಳು ಇನ್ನೊಬ್ಬಳು. ದಲಾಲರ ಅಂಗಡಿಗಳಲ್ಲೂ ಅದೇ ಉತ್ತರ. ಮಧ್ಯಾಹ್ನದವರೆಗೆ ಅಲೆದು ಸೋತು ಕುಳಿತಾಗ ಅವನಿಗೆ ಮೆಣಸಿನಕಾಯಿಯ ಬೆಳಕು ಕಳೆದು ನಾಜನೀನ್ ಕಳಿಸಿದ್ದ ಮತ್ತೊಂದು ಚಿತ್ರದ ನೆನಪಾಯಿತು. ಅದನ್ನು ಯಾರಿಗಾದರೂ ತೋರಿಸಲು ಅವನಿಗೆ ಮನಸ್ಸಿರಲಿಲ್ಲ. ಆದರೂ ನಿಂಗವ್ವ ಎಂಬ ಮುದುಕಿಯ ಮುಂದೆ ಹಿಡಿದ.

ಮುದುಕಿ ಒಮ್ಮೆ ನೋಡಿದಳಷ್ಟೆ. "ಅಯ್ಯ, ಇಕಿ ತಿಮ್ಮಾಪುರದ ಫಕ್ಕೀರವ್ವ ಅಲ್ಲೇನ?"

ಉಳಿದವರೂ ಬಂದು ಬಗ್ಗಿ ನೋಡಿ ಹೌದೆಂದರು. ಇಷ್ಟು ಹೊತ್ತು ಯಾಕೆ ಬೇರೆಯವಳ ಚಿತ್ರ ತೋರಿಸುತ್ತಿದ್ದಿರಿ ಎಂದು ಅವನನ್ನೇ ಕೇಳಿದರು. ಫಕ್ಕೀರವ್ವ ಬೇಸಿಗೆಯಿಂದ ಕೆಲಸಕ್ಕೆ ಬಂದಿಲ್ಲವೆಂದೂ ತಿಳಿಯಿತು.

ತಿಮ್ಮಾಪುರದಲ್ಲಿ ಅವಳು ತನ್ನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ರೊಟ್ಟಿ ತಟ್ಟುತ್ತಿದ್ದಳು. ಊರಿನ ಖಾನಾವಳಿಗೆ ರೊಟ್ಟಿ ಮಾಡಿಕೊಡುವುದು ಈಗಿನ ಕಸುಬು. ಎರಡು ರೊಟ್ಟಿ ತಟ್ಟಿದರೆ ಒಂದಿಷ್ಟು ಸುಧಾರಿಸಿಕೊಳ್ಳಬೇಕಿತ್ತು. ನಲವತ್ತಕ್ಕೆ ಇದೆಲ್ಲ ಸಹಜ ಎಂದು ಅವಳು ತಿಳಿದಿದ್ದಳು. ಮುಟ್ಟು ಹದಿನೈದು ದಿನ ನಿಲ್ಲದೆ ಹೋಗುವುದನ್ನೂ ಆ ಲೆಕ್ಕಕ್ಕೇ ಸೇರಿಸಿ, ಯಾರಿಗೂ ಹೇಳಿರಲಿಲ್ಲ.

ಗುರುಪಾದ ತಾನು ಯಾರೆಂಬುದನ್ನು ಹೇಳಿ, ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ತಿಳಿಸಿದ. ಚಿತ್ರ ಎಲ್ಲೆಲ್ಲಿ ಹೋಗಿದೆ, ಯಾರು ಯಾರು ಕೊಂಡಿದ್ದಾರೆ, ಬಸ್ ನಿಲ್ದಾಣದೆದುರು ಅದು ಎಷ್ಟು ಎತ್ತರವಿದೆ ಎಂಬುದನ್ನೂ ಹೇಳಿದ. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೆಂಪು ಚಿತ್ರವನ್ನು ನೋಡಿದಳು, ಬಿಳಿಯದನ್ನೂ ನೋಡಿದಳು. ಸಿಟ್ಟಾಗಬಹುದೆಂದು ಅವನು ಕಾದಿದ್ದ.

"ಅಷ್ಟ ಮಂದಿ ನನ್ನ ಮುಖ ನೋಡ್ಯಾರಲ್ರಿ" ಎಂದಳು ಅವಳು ನಿಧಾನವಾಗಿ. "ಒಬ್ಬರಿಗರ ಏನಾಗೇತವಾ ನಿನಗ ಅಂತ ಕೇಳಬೇಕನಸಲಿಲ್ಲೇನು?"

ಗುರುಪಾದ ನಾಜನೀನ್ ಅವರಿಗೆ ಕರೆ ಮಾಡಿ ಫೋನನ್ನು ಅವಳ ಕೈಗಿತ್ತ. ಇಬ್ಬರು ಹೆಂಗಸರು ಬಹಳ ಹೊತ್ತು ಮಾತನಾಡಿದರು. ಅವನು ಹೊರಗೆ ಕಟ್ಟೆಯ ಮೇಲೆ ಕುಳಿತ. ಫೋನು ಹಿಂದಿರುಗಿಸುವಾಗ ಫಕ್ಕೀರವ್ವ, ಖಾನಾವಳಿಯ ಇವತ್ತಿನ ರೊಟ್ಟಿ ಮುಗಿಸಿ ಆಸ್ಪತ್ರೆಗೆ ಹೊರಡುತ್ತೇನೆ ಎಂದಳು. ಡಾಕ್ಟರರು ಈಗಲೇ ಹೊರಡಬೇಕೆಂದಿದ್ದಾರೆ ಎಂದು ಅವನು ಒತ್ತಾಯಿಸಿದ. ಉಳಿದ ಹಿಟ್ಟನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿಯೇ ಅವಳು ವಾಹನ ಹತ್ತಿದಳು.

ಹಾವೇರಿಯ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಪರೀಕ್ಷಿಸಿದಾಗ ಅವಳ ರಕ್ತಸಾರ ನಾಲ್ಕೂವರೆ ಇತ್ತು. ಹನ್ನೆರಡು ಇರಬೇಕಾದದ್ದು. ಇನ್ನೊಂದು ತಿಂಗಳು ತಡೆಯುತ್ತಿರಲಿಲ್ಲ ಎಂದರು ವೈದ್ಯರು. ಮೂರು ಬಾಟಲಿ ರಕ್ತ ಕೊಟ್ಟ ಮೇಲೆ ಗರ್ಭಕೋಶದ ಗಡ್ಡೆಗಳನ್ನು ತೆಗೆದರು. ಆ ರಕ್ತದಲ್ಲಿ ಒಂದು ಬಾಟಲಿ ಗುರುಪಾದನ ಮುದ್ರಣಾಲಯದ ಗೆಳೆಯನೊಬ್ಬನಿಂದ ಬಂದದ್ದು. ದಸರೆಗೆ ಅವಳು ಊರಿಗೆ ಮರಳಿದಳು.

ಅತ್ತ ಧಾರವಾಡದಲ್ಲಿ ನಾಜನೀನ್ ಉಳಿದ ನಾಲ್ಕುನೂರ ತೊಂಬತ್ತೊಂಬತ್ತು ಮುಖಗಳನ್ನು ಮತ್ತೆ ಪರಿಶೀಲಿಸಿದರು. ಸುತ್ತಲಿನ ಬೆಳಕನ್ನು ಕಳೆದು ನೋಡಿದರೆ ನಗುವವರಲ್ಲಿ ಮೂವತ್ತೆಂಟು ಮಂದಿಗೆ ಚಿಕಿತ್ಸೆ ಬೇಕಿತ್ತು. ಚಿತ್ರ ತೆಗೆದ ಒಬ್ಬರಿಗೂ ಅವರ ಹೆಸರು ಗೊತ್ತಿರಲಿಲ್ಲ. ಈ ವರದಿ ಹೊರಬಿದ್ದ ಮೇಲೆ ದಿಟಚಿತ್ರ ತನ್ನ ನಿಯಮ ಬದಲಿಸಿತು. ಇನ್ನು ಮುಂದೆ ಧ್ವನಿಯ ಜೊತೆಗೆ ಹೆಸರೂ ವಿಳಾಸವೂ ಬೇಕು. ದಿಟಚಿತ್ರದವರ ಹೊರತು ಬೇರೆ ಯಾರಿಗೂ ಅವು ತಿಳಿಯಕೂಡದು. ಹಳೆಯ ಚಿತ್ರಗಳ ಮುಖಗಳಿಗೂ ಆದಷ್ಟು ಮಟ್ಟಿಗೆ ಹೆಸರು ಹುಡುಕಿ ಜೋಡಿಸಲಾಯಿತು. ಶಕ್ತಿವರ್ಧಕದವರು ಬಸ್ ನಿಲ್ದಾಣದ ಫಲಕವನ್ನು ಸದ್ದಿಲ್ಲದೆ ಇಳಿಸಿದರು.

ಮುಂದಿನ ಸುಗ್ಗಿಗೆ ಬ್ಯಾಡಗಿ ಮತ್ತೆ ಕೆಂಪಾಯಿತು. ಗುರುಪಾದ ಈಗ ಪ್ರತಿ ಭಾನುವಾರ ಅಲ್ಲಿರುತ್ತಿದ್ದ. ಕ್ಯಾಮೆರಾಕ್ಕೆ ನಾಜನೀನ್ ಅವರ ಉಪಕರಣ ಜೋಡಿಸಲಾಗಿತ್ತು. ಹೆಂಗಸರು ತಾವಾಗಿಯೇ ಸಾಲುಗಟ್ಟುತ್ತಿದ್ದರು. ಸಾಲಿನ ಮೇಲ್ವಿಚಾರಣೆ ಫಕ್ಕೀರವ್ವನದು. ರಾಶಿಗಳ ಹತ್ತಿರ ಕೂತವರನ್ನು ಎಬ್ಬಿಸಿ, ಗೋದಾಮಿನ ಸುಣ್ಣ ಬಳಿದ ಗೋಡೆಯ ಮುಂದೆ ಕೂರಿಸುತ್ತಿದ್ದಳು. ಅಲ್ಲಿ ಬಿದ್ದ ಬೆಳಕು ಸುಳ್ಳು ಹೇಳುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. ಒಂದು ನಿಮಿಷ ಅಲುಗಾಡಬಾರದಾದ್ದರಿಂದ ಯಾರೂ ನಗುತ್ತಿರಲಿಲ್ಲ. ಮಾರಲು ಯೋಗ್ಯವಾದ ಒಂದು ಚಿತ್ರವೂ ಅವನಿಗೆ ಸಿಗುತ್ತಿರಲಿಲ್ಲ. ಆ ತಿಂಗಳು ಅರವತ್ತೊಂದು ಹೆಂಗಸರಲ್ಲಿ ಹನ್ನೊಂದು ಮಂದಿಯನ್ನು ಅವರು ಆಸ್ಪತ್ರೆಗೆ ಕಳಿಸಿದರು.

ಒಂದು ಮಧ್ಯಾಹ್ನ ಸಾಲು ಕರಗಿದ ಮೇಲೆ ಅವನು ಫಕ್ಕೀರವ್ವನನ್ನೇ ಗೋಡೆಯ ಮುಂದೆ ಕೂರಿಸಿದ. ರಕ್ತಸಾರ ಹನ್ನೆರಡೂವರೆ ತೋರಿಸಿತು. ಪರೀಕ್ಷೆ ಮುಗಿದು ಅವಳು ಏಳುವಾಗ ಯಾರೋ ಏನೋ ಅಂದರು, ಅವಳು ನಕ್ಕಳು, ಅವನು ಗುಂಡಿ ಒತ್ತಿದ. ಕೆನ್ನೆಯಲ್ಲಿ ಕಾಂತಿಯೇನೂ ಇರಲಿಲ್ಲ, ಅವಳ ಸ್ವಂತದ ಎಣ್ಣೆಗೆಂಪು ಇತ್ತು. ತನ್ನ ಜೀವಮಾನದಲ್ಲೇ ಇಷ್ಟು ಒಳ್ಳೆಯ ಚಿತ್ರ ತೆಗೆದಿಲ್ಲವೆಂದು ಗುರುಪಾದನಿಗೆ ಖಚಿತವಾಯಿತು. ಅವಳ ಒಪ್ಪಿಗೆ, ಹೆಸರು, ವಿಳಾಸ ಎಲ್ಲವನ್ನೂ ಸೇರಿಸಿ ಅಲ್ಲಿಂದಲೇ ದಿಟಚಿತ್ರಕ್ಕೆ ಏರಿಸಿದ.

ಎರಡು ನಿಮಿಷದಲ್ಲಿ ಉತ್ತರ ಬಂತು. ಚಿತ್ರ ತಿರಸ್ಕೃತವಾಗಿದೆ. ಈ ಹೆಸರಿನ ವ್ಯಕ್ತಿಯ ಚರ್ಮದ ದೃಢೀಕೃತ ದಾಖಲೆ ನಮ್ಮಲ್ಲಿದೆ, ಕಳಿಸಿದ ಚಿತ್ರ ಅದಕ್ಕೆ ಹೊಂದುವುದಿಲ್ಲ, ಆದ್ದರಿಂದ ಇದನ್ನು ನಕಲಿ ಎಂದು ಪರಿಗಣಿಸಲಾಗಿದೆ.

ಅವನು ನಾಜನೀನ್ ಅವರಿಗೆ ಕರೆ ಮಾಡಿದ. ಅವರು ಮೊದಲು ಜೋರಾಗಿ ನಕ್ಕರು, ಆಮೇಲೆ ವಿವರಿಸಿದರು. ಒಬ್ಬ ವ್ಯಕ್ತಿಯ ರಕ್ತ ಒಂದು ವರ್ಷದಲ್ಲಿ ಇಷ್ಟು ಬದಲಾಗಬಹುದೆಂದು ಹೊಸ ಚಿತ್ರವನ್ನು ಅದೇ ಹೆಸರಿನ ಹಳೆಯದರೊಡನೆ ತಾಳೆ ನೋಡುವ ದಿಟಚಿತ್ರದ ಪರೀಕ್ಷಾಯಂತ್ರವನ್ನು ಕಟ್ಟಿದವರು ಯಾರೂ ಎಣಿಸಿರಲಿಲ್ಲ. ಫಕ್ಕೀರವ್ವ ಸಾಯುತ್ತಿದ್ದಾಗಿನ ಮುಖವನ್ನೇ ಅದು ಅಳತೆಗೋಲಾಗಿ ಇಟ್ಟುಕೊಂಡಿತ್ತು. ದೂರು ಕೊಟ್ಟರೆ ಸರಿಪಡಿಸುತ್ತಾರೆ, ತಿಂಗಳಾದೀತು ಎಂದರು.

ಗುರುಪಾದ ಫಕ್ಕೀರವ್ವನ ಬಳಿ ಹೋಗಿ, ಯಂತ್ರ ಇದು ನೀವಲ್ಲವೆಂದು ಹೇಳುತ್ತಿದೆ ಎಂದು ಬೇಸರದಿಂದ ತಿಳಿಸಿದ.

"ಅದರದೇನ್ ತಪ್ಪೈತ್ರಿ" ಎಂದಳು ಅವಳು. "ಅದಕ್ಕ ಆ ರಕ್ತ ಇಲ್ಲದಾಕಿ ಒಬ್ಬಾಕೀನ ಗೊತ್ತು."

ಅಷ್ಟರಲ್ಲಿ ತಡವಾಗಿ ಬಂದ ವಾಹನವೊಂದರಿಂದ ಮತ್ತೆ ಏಳೆಂಟು ಹೆಂಗಸರು ಇಳಿದರು. ಅವಳು ಸೆರಗು ಸಿಕ್ಕಿಸಿಕೊಂಡು, ರಾಶಿಯ ಕಡೆ ಹೋಗಬೇಡಿ, ಈ ಗೋಡೆಯ ಹತ್ತಿರ ಬನ್ನಿ ಎಂದು ಕೂಗುತ್ತ ಅವರತ್ತ ನಡೆದಳು.