ನಿಟ್ಟೂರಿನ ನೀರಲ್ಲಿ ಬೆಂದ ಬೇಳೆ

ಹೇಮಶ್ರೀ ನಮ್ಮ ಶೆಟ್ಟಿಹಳ್ಳಿಯ ಮನೆಗೆ ಬಂದಾಗ ಗಂಗಾಂಬಿಕೆಯವರು ತೊಗರಿಬೇಳೆ ಆರಿಸುತ್ತಿದ್ದರು. ನಲವತ್ತು ವರ್ಷ ಮಠವೊಂದರ ಅಡುಗೆಮನೆ ನಡೆಸಿ, ಈಗ ಊರಿನವರ ಕಳವು, ಮೋಸ ಪತ್ತೆ ಹಚ್ಚುವವರು ಅವರು. ನಾನು ಪರಮಶಿವಯ್ಯ, ಮಹಡಿಯ ಬಾಡಿಗೆದಾರ; ಅವರ ಸ್ಕೂಟರ್ ಸವಾರ, ಅವರ ಸಾರಿನ ಗುಲಾಮ.

ಹೇಮಶ್ರೀಯದು ಅಂತರ್ಜಲ ಅಳೆಯುವ ಕೆಲಸ. ನಿಟ್ಟೂರಿನ ಹತ್ತಿರ ಆಕೆಯ ಕಂಪನಿ ಒಂದು ಸಣ್ಣ ಅಣು ರಿಯಾಕ್ಟರ್ ಕೂರಿಸಲು ಜಾಗ ನೋಡಿತ್ತು. ಅದನ್ನು ತಂಪಾಗಿಡಲು ವರ್ಷವಿಡೀ ನೀರು ಬೇಕು. ಅಲ್ಲಿನ ಬೋರ್‌ವೆಲ್‌ನಲ್ಲಿ ನೀರು ನಾನೂರು ಅಡಿ ಕೆಳಗಿದೆ ಎಂದು ಆಕೆ ಬರೆದಿದ್ದಳು. ಸೋಮವಾರ ಬೆಂಗಳೂರಿನಿಂದ ಬಂದ ತಜ್ಞರು ಅಳೆದರೆ ತೊಂಬತ್ತೇ ಅಡಿ! ಅವರ ಕಾರಿನಲ್ಲೇ ಬಂದಿದ್ದ ಮ್ಯಾನೇಜರ್ ಅನಂತರಾಜು ಆಕೆಯನ್ನು ಅಲ್ಲೇ ಅಮಾನತು ಮಾಡಿದ್ದ.

"ಸುಳ್ಳು ಬರೆದೋಳು ಅಂತ ಹೆಸರು ಬಂದ್ರೆ ಇನ್ಯಾರಮ್ಮ ಕೆಲ್ಸ ಕೊಡ್ತಾರೆ?" ಎಂದು ಎರಡು ಬಾಟಲಿ ಮುಂದಿಟ್ಟಳು. ಒಂದರಲ್ಲಿ ಹೋದ ತಿಂಗಳು ಆ ಬೋರ್‌ನಿಂದ ಎತ್ತಿದ ನೀರು, ಇನ್ನೊಂದರಲ್ಲಿ ಸೋಮವಾರದ್ದು.

ಜಾಗ ನೋಡಲು ಹೋದೆವು. ಗೇಟಿನ ಬೀಗದ ಕೈ ಇದ್ದದ್ದು ಮೂವರ ಹತ್ತಿರ: ಹೇಮಶ್ರೀ, ಅನಂತರಾಜು, ಅದೇ ಊರಿನವನಾದ ಕಾವಲಿನ ಗಂಗಹನುಮಯ್ಯ. ಬೋರ್‌ವೆಲ್ ಪೈಪಿಗೆ ಅರಿಸಿನ ಕುಂಕುಮ ಹಚ್ಚಿ ಹೂ ಇಟ್ಟಿದ್ದರು. ಊರೊಳಗೆ ಮಜ್ಜಿಗೆ ಕೊಟ್ಟ ಹನುಮಮ್ಮ, ಸೋಮವಾರ ಕುಡಿಯುವ ನೀರಿನ ಟ್ಯಾಂಕರ್ ಬರಲೇ ಇಲ್ಲವೆಂದು ಗೊಣಗಿದಳು. ನನಗೋ ಅನಂತರಾಜುವಿನ ಮೇಲೇ ಅನುಮಾನ.

ಮರುದಿನ ಅಂತರಸನಹಳ್ಳಿಯ ಕಂಪನಿ ಆಫೀಸಿನಲ್ಲಿ ಎಲ್ಲರನ್ನೂ ಸೇರಿಸಿ, ಗಂಗಾಂಬಿಕೆಯವರು ಎರಡು ಬಾಟಲಿಯ ನೀರಲ್ಲೂ ಒಂದೇ ಬೇಳೆ ಬೇಯಲಿಟ್ಟರು. ಒಂದು ಗಂಟೆಯಾದರೂ ಹೋದ ತಿಂಗಳ ನೀರಿನ ಬೇಳೆ ಕಲ್ಲು. ಸೋಮವಾರದ್ದು ನುಣ್ಣಗೆ ಕರಗಿತ್ತು.

"ಆ ಬೋರ್ ನೀರು ಗಡಸು, ಬೇಳೆ ಬೇಯಲ್ಲ. ಸೋಮವಾರದ್ದು ಹೊರಗಿಂದ ತಂದು ಸುರಿದಿದ್ದು. ಊರಿಗೆ ಬರಬೇಕಾದ ಟ್ಯಾಂಕರ್ ನೀರು."

ನಾನು ಅನಂತರಾಜುವನ್ನು ದುರುಗುಟ್ಟಿ ನೋಡಿದೆ. ಗಂಗಾಂಬಿಕೆಯವರು ಅವನಲ್ಲವೆಂದು ತಲೆಯಾಡಿಸಿದರು. ಅವನು ಬೆಂಗಳೂರಿನಿಂದಲೇ ತಜ್ಞರ ಜೊತೆ ಕಾರಿನಲ್ಲಿದ್ದ. ಹೇಮಶ್ರೀ ತನ್ನ ಬರಹವನ್ನೇ ಸುಳ್ಳು ಮಾಡಿಕೊಳ್ಳುವವಳಲ್ಲ.

"ಬರೀ ಮೋಸಕ್ಕೆ ಸುರಿಯೋನು ಗಂಗೆ ಪೂಜೆ ಮಾಡಲ್ಲ. ನೀರು ಬರ್ಲಿ ಅಂತ ಸುರಿದೋನು ಮಾಡ್ತಾನೆ. ಅಲ್ವೇನಪ್ಪ, ಗಂಗಹನುಮಯ್ಯ?"

ಅವನು ಗೇಟಿನ ಬೀಗದ ಕೈ ತೆಗೆದು ಅವರ ಮುಂದಿಟ್ಟ. "ರಿಯಾಕ್ಟರ್ ಬಂದ್ರೆ ಊರಿಗೂ ಹೇಮಾವತಿ ಹೊಳೆ ನೀರಿನ ಪೈಪ್ ಎಳೀತೀವಿ ಅಂದಿದ್ರು ಕಣಮ್ಮ. ಒಂದಿನದ ನೀರು ಹೋದ್ರೆ ಹೋಗ್ಲಿ ಅಂತ ಟ್ಯಾಂಕರ್‌ನ ಇತ್ತ ತಿರುಗಿಸ್ದೆ."

ವಾರ ಕಳೆದು ಹೇಮಶ್ರೀ ಪತ್ರ ತಂದಳು. ಆಕೆಯ ಅಳತೆ ಸರಿಯೆಂದು ಕಂಪನಿ ಒಪ್ಪಿತ್ತು. ಅಂದರೆ ಅಲ್ಲಿ ನೀರಿಲ್ಲ; ಆದ್ದರಿಂದ ಯೋಜನೆಯನ್ನು ಕೈಬಿಡಲಾಗಿದೆ, ಆಕೆಯ ಹುದ್ದೆಯೂ ರದ್ದು. ಗಂಗಹನುಮಯ್ಯನ ಕೆಲಸ ಅಂದೇ ಹೋಗಿತ್ತು. ಅಂದು ಗೆದ್ದೆವೆಂದು ಬೀಗಿದ್ದಕ್ಕೆ ನನಗೆ ನಾಚಿಕೆಯಾಯಿತು.

"ನಾನೂ ತೊಂಬತ್ತಡಿ ಅಂತಾನೇ ಬರೀಬೇಕಿತ್ತಾ ಅಮ್ಮ?" ಎಂದಳು ಹೇಮಶ್ರೀ.

ಗಂಗಾಂಬಿಕೆಯವರು ಅವಳಿಗೊಂದು ತಟ್ಟೆ ಹಾಕಿ, ಬಿಸಿ ಸಾರು ಬಡಿಸಿದರು.